ಜರ್ಮನಿಯ ಏಕತಾ ದಿನ ಅಕ್ಟೋಬರ್ 3ಕ್ಕೇ ಏಕೆ?

ಜರ್ಮನಿಯ ರಾಷ್ಟ್ರೀಯ ದಿನ ಅಕ್ಟೋಬರ್ 3. ಜರ್ಮನ್ನರು ಇದನ್ನು ‘ಟಾಗ್ ಡೆರ್ ಡಾಯ್ಚೆನ್ ಐನ್‌ಹೈಟ್’ ಅನ್ನುತ್ತಾರೆ, ಅಂದರೆ ಜರ್ಮನ್ ಏಕತಾ ದಿನ. ಬರ್ಲಿನ್ ಗೋಡೆ ಬಿದ್ದ ದಿನವೇ ಇದು ಎಂದು ನಂಬಿದವರು ಬಹಳ ಮಂದಿ. ಗೋಡೆಯ ಗೇಟುಗಳು ತೆರೆದದ್ದು 1989ರ ನವೆಂಬರ್ 9ರ ರಾತ್ರಿ; ಪೂರ್ವ, ಪಶ್ಚಿಮ ಎಂಬ ಎರಡು ಜರ್ಮನಿಗಳು ಕಾನೂನಿನ ಪ್ರಕಾರ ಒಂದಾದದ್ದು 1990ರ ಅಕ್ಟೋಬರ್ 3ರಂದು.

ನವೆಂಬರ್ 9ನ್ನೇ ಆಚರಿಸಬಹುದಿತ್ತಲ್ಲ ಅಂದರೆ, 1938ರಲ್ಲಿ ಅದೇ ತಾರೀಕಿನ ರಾತ್ರಿ ನಾತ್ಸಿಗಳು ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟಿದ್ದರು. ಆ ದಿನ ಪಟಾಕಿ ಹೊಡೆಯುವುದಾದರೂ ಹೇಗೆ?

ಅಕ್ಟೋಬರ್ 3 ಲೆಕ್ಕಾಚಾರ ಹಾಕಿ ಆರಿಸಿದ ತಾರೀಕು. ಎರಡನೇ ಮಹಾಯುದ್ಧ ಗೆದ್ದ ನಾಲ್ಕು ದೇಶಗಳೊಡನೆ (ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್) ಒಪ್ಪಂದವಾಗಬೇಕಿತ್ತು. ಅದಕ್ಕೆ ಸೆಪ್ಟೆಂಬರ್ 12ರಂದು ಮಾಸ್ಕೋದಲ್ಲಿ ಸಹಿ ಬಿತ್ತು. ಅದನ್ನು ಯುರೋಪಿನ ಉಳಿದ ದೇಶಗಳ ವಿದೇಶಾಂಗ ಸಚಿವರ ಮುಂದಿಡುವ ನ್ಯೂಯಾರ್ಕ್ ಸಭೆ ಮುಗಿಯುವುದು ಅಕ್ಟೋಬರ್ 2ಕ್ಕೆ. ಇನ್ನೂ ತಡಮಾಡಿದರೆ ಅಕ್ಟೋಬರ್ 7, ಅಂದರೆ ಪೂರ್ವ ಜರ್ಮನಿಯ 41ನೇ ಸ್ಥಾಪನಾ ದಿನ ಬಂದುಬಿಡುತ್ತಿತ್ತು. ಮುಚ್ಚಲು ಹೊರಟ ದೇಶಕ್ಕೆ ಇನ್ನೊಂದು ವಾರ್ಷಿಕೋತ್ಸವ ಯಾರಿಗೂ ಬೇಕಿರಲಿಲ್ಲ. ಪೂರ್ವದ ಸಂಸತ್ತು ಆಗಸ್ಟ್ 23ರ ಬೆಳಗಿನ ಜಾವ 294 ಮತಗಳಿಂದ ಈ ದಿನವನ್ನು ಗೊತ್ತುಮಾಡಿತು. ವಿರೋಧ 62, ತಟಸ್ಥರು 7.

ಇನ್ನೊಂದು ತಪ್ಪು ಕಲ್ಪನೆ, ಎರಡೂ ಸೇರಿ ಹೊಸ ದೇಶ ಹುಟ್ಟಿತು ಎಂಬುದು. ಪಶ್ಚಿಮದ ಸಂವಿಧಾನದಲ್ಲಿ ಎರಡು ದಾರಿಗಳಿದ್ದವು: 146ನೇ ವಿಧಿಯಂತೆ ಹೊಸ ಸಂವಿಧಾನ ಬರೆಯುವುದು, ಇಲ್ಲವೇ 23ನೇ ವಿಧಿಯಂತೆ ಪೂರ್ವದವರು ಇದ್ದ ವ್ಯವಸ್ಥೆಗೇ ಸೇರಿಕೊಳ್ಳುವುದು. ಬೇಗ ಮುಗಿಯುವ ಎರಡನೆಯದನ್ನೇ ಹಿಡಿದರು. ಹಾಗಾಗಿ ಪೂರ್ವ ಜರ್ಮನಿ ಇಲ್ಲವಾಗಿ, ಅದರ ನೆಲ ಐದು ರಾಜ್ಯಗಳಾಗಿ ಒಕ್ಕೂಟಕ್ಕೆ ಬಂತು. ಪೂರ್ವ ಬರ್ಲಿನ್ ಪಶ್ಚಿಮ ಬರ್ಲಿನ್ನಿನೊಡನೆ ಕೂಡಿತು. ‘ನಮ್ಮನ್ನು ಸೇರಿಸಿಕೊಂಡರು, ಕೇಳಲಿಲ್ಲ’ ಎಂಬ ಪೂರ್ವದವರ ಅಸಮಾಧಾನಕ್ಕೆ ಇದೂ ಒಂದು ಕಾರಣ. ದುಡ್ಡು ಒಂದಾದದ್ದು ಇನ್ನೂ ಮುಂಚೆ, ಜುಲೈ 1ಕ್ಕೆ. ಸಂಬಳ, ಪಿಂಚಣಿಯಲ್ಲಿ ಪೂರ್ವದ ಒಂದು ಮಾರ್ಕ್‌ಗೆ ಪಶ್ಚಿಮದ ಒಂದು ಮಾರ್ಕ್, ಅಂದರೆ ಒಂದಕ್ಕೊಂದು. ಉಳಿತಾಯದಲ್ಲಿ ಸಾಮಾನ್ಯವಾಗಿ ವಯಸ್ಕರೊಬ್ಬರಿಗೆ 4,000 ಮಾರ್ಕ್‌ವರೆಗೆ ಒಂದಕ್ಕೊಂದು, ಮಿಕ್ಕಿದ್ದಕ್ಕೆ ಎರಡಕ್ಕೊಂದು. ಈ ದರದಲ್ಲಿ ಸಂಬಳ ಕೊಡಲಾಗದೆ ಪೂರ್ವದ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿದವು.

ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ತಿಳಿದಿರಬೇಕಾದದ್ದು: ಉಳಿದ ರಜೆಗಳನ್ನು ಆಯಾ ರಾಜ್ಯಗಳೇ ನಿಗದಿ ಮಾಡಿದರೆ, ಇದೊಂದನ್ನು ಮಾತ್ರ ಒಕ್ಕೂಟದ ಕಾನೂನೇ ಕೊಟ್ಟಿದೆ. ಸೂಪರ್‌ಮಾರ್ಕೆಟ್, ಬ್ಯಾಂಕ್ ಮುಚ್ಚಿರುತ್ತವೆ, ಹಾಲು ತರಕಾರಿ ಹಿಂದಿನ ದಿನವೇ ತಂದಿಡಬೇಕು; ತುರ್ತಿಗೆ ದೊಡ್ಡ ರೈಲು ನಿಲ್ದಾಣದ ಅಂಗಡಿ ಇಲ್ಲವೇ ಪೆಟ್ರೋಲ್ ಬಂಕ್ ಗತಿ. ವಾರದ ದಿನ ಬಿದ್ದ ಈ ರಜೆಯಲ್ಲಿ ದುಡಿದರೆ ಎಂಟು ವಾರದೊಳಗೆ ಬದಲಿ ಬಿಡುವು ಸಿಗಬೇಕು. ಭಾನುವಾರ ಬಿದ್ದರೆ ಮಾತ್ರ ಸೋಮವಾರ ರಜೆಯಿಲ್ಲ. 2027ರಲ್ಲಿ ಹಾಗೇ ಬೀಳುತ್ತದೆ, ಆ ವರ್ಷ ಒಂದು ರಜೆ ಖೋತಾ.