ಶೂಲದ ದೊರೆಯ ರಕ್ತಪರೀಕ್ಷೆ

1500ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಿಕೆಯಲ್ಲಿ ಮರದಚ್ಚಿನ ಚಿತ್ರವೊಂದಿದೆ. ದೊರೆಯೊಬ್ಬ ಬಯಲಲ್ಲಿ ಮೇಜು ಹಾಕಿಸಿಕೊಂಡು ಊಟಕ್ಕೆ ಕೂತಿದ್ದಾನೆ. ಪಕ್ಕದಲ್ಲೇ ಶೂಲಗಳ ಸಾಲು, ಅವುಗಳ ಮೇಲೆ ಹೆಣಗಳು. ಎದುರಿಗೆ ಒಬ್ಬ ಆಳು ಕೊಡಲಿ ಹಿಡಿದು ಕೈಕಾಲು ಕಡಿಯುತ್ತಿದ್ದಾನೆ. ದೊರೆಯ ಊಟ ಮಾತ್ರ ನಿಂತಿಲ್ಲ.

ಆ ದೊರೆ ಮೂರನೇ ವ್ಲಾಡ್. ಈಗಿನ ರೊಮೇನಿಯಾದ ದಕ್ಷಿಣಕ್ಕಿದ್ದ ವಲಾಕಿಯಾ ಅನ್ನೋ ಸಂಸ್ಥಾನವನ್ನು ಮೂರು ಸಲ ಆಳಿದವನು. 1448ರಲ್ಲಿ ಬರೀ ಎರಡು ತಿಂಗಳು, ಆಮೇಲೆ 1456ರಿಂದ 1462ರವರೆಗೆ, ಕೊನೆಗೆ 1476ರಲ್ಲಿ ಒಂದಿಷ್ಟು ದಿನ. ಇವನ ಅಪ್ಪ 1431ರಲ್ಲಿ ಡ್ರ್ಯಾಗನ್ ಪಂಥ ಅನ್ನೋ ಕ್ರೈಸ್ತ ಸರದಾರರ ಕೂಟಕ್ಕೆ ಸೇರಿ 'ಡ್ರಾಕುಲ್' ಅನ್ನಿಸಿಕೊಂಡ. ಡ್ರಾಕುಲ್‌ನ ಮಗ ಡ್ರಾಕುಲಾ. ಹೆಸರಿನ ಗುಟ್ಟು ಇಷ್ಟೇ. ಆದರೆ ರೊಮೇನಿಯನ್ ಭಾಷೆಯಲ್ಲಿ 'ಡ್ರಾಕ್' ಅಂದರೆ ಸೈತಾನ ಅಂತಲೂ ಅರ್ಥ ಇದೆ. ಮುಂದಿನ ಕಥೆಯೆಲ್ಲ ಹುಟ್ಟಿದ್ದು ಈ ಎರಡನೇ ಅರ್ಥದಿಂದ.

ಇವನೇನೂ ಸಾಧು ಆಗಿರಲಿಲ್ಲ. 1462ರ ಫೆಬ್ರುವರಿಯಲ್ಲಿ ಹಂಗೇರಿಯ ರಾಜನಿಗೆ ಬರೆದ ಪತ್ರದಲ್ಲಿ ತಾನು ಕೊಂದ ಶತ್ರುಗಳ ಲೆಕ್ಕ ಕೊಟ್ಟಿದ್ದಾನೆ: 23,884. ಮನೆಯೊಳಗೆ ಸುಟ್ಟುಹೋದವರು ಈ ಲೆಕ್ಕದಲ್ಲಿಲ್ಲ ಅಂತ ಬೇರೆ ಸೇರಿಸಿದ್ದಾನೆ. ಗುಮಾಸ್ತ ದಾಸ್ತಾನು ಬರೆದ ಹಾಗಿದೆ ಅಲ್ವಾ? ಅದೇ ವರ್ಷ ಜೂನ್‌ನಲ್ಲಿ ಆಟೊಮನ್ ಸುಲ್ತಾನ ಎರಡನೇ ಮೆಹಮದ್ ಸೈನ್ಯ ತಗೊಂಡು ಬಂದ. ವ್ಲಾಡ್ ರಾತ್ರಿ ಹೊತ್ತು ಅವನ ದಂಡಿನೊಳಕ್ಕೇ ನುಗ್ಗಿದ. ಸುಲ್ತಾನ ಉಳಿದುಕೊಂಡ. ಆದರೆ ರಾಜಧಾನಿ ತರ್ಗೋವಿಷ್ಟೆಯ ಹತ್ತಿರ ಅವನಿಗೆ ಕಂಡದ್ದು ಶೂಲಗಳ ಕಾಡು. ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 20,000 ಜನ ಅಂತ ಗ್ರೀಕ್ ಇತಿಹಾಸಕಾರ ಖಾಲ್ಕೊಕೊಂಡಿಲಿಸ್ ಬರೆದಿದ್ದಾನೆ. ಇದರಲ್ಲಿ ಎಷ್ಟು ಕಂಡದ್ದು, ಎಷ್ಟು ಕೇಳಿದ್ದು ಅಂತ ವಿಂಗಡಿಸುವುದು ಕಷ್ಟ.

ಮುದ್ರಣಯಂತ್ರ ಬಂದಿದ್ದೂ ಅದೇ ಕಾಲದಲ್ಲಿ. ವಲಾಕಿಯಾದ ಉತ್ತರಕ್ಕಿರುವ ಟ್ರಾನ್ಸಿಲ್ವೇನಿಯಾದ ಜರ್ಮನ್ ವರ್ತಕರಿಗೆ ವ್ಲಾಡ್ ಮೇಲೆ ಹಳೇ ಸಿಟ್ಟು. ಅವರ ಪಟ್ಟಣಗಳಿಗೆ ಅವನು ಬೆಂಕಿ ಇಟ್ಟಿದ್ದ, ವ್ಯಾಪಾರಿಗಳನ್ನು ಶೂಲಕ್ಕೇರಿಸಿದ್ದ. ಅತ್ತ ಹಂಗೇರಿಯ ರಾಜ ಮತ್ಯಾಸ್, ನೆರವು ಕೇಳಿಕೊಂಡು ಬಂದ ಅದೇ ವ್ಲಾಡ್‌ನನ್ನು 1462ರ ಕೊನೆಗೆ ಸೆರೆಗೆ ಹಾಕಿದ್ದ. ಅದಕ್ಕೊಂದು ನೆಪ ಬೇಕಿತ್ತು. ಹೀಗೆ ಅವನ ಕ್ರೌರ್ಯದ ಕಥೆಗಳು ಊರೂರಿಗೆ ಹಬ್ಬಿ, ಆಮೇಲೆ ಅಚ್ಚಿನ ಪುಸ್ತಿಕೆಗಳಾಗಿ ಚೆನ್ನಾಗಿ ಖರ್ಚಾದವು.

ರೊಮೇನಿಯಾದಲ್ಲಿ ಮಾತ್ರ ಬೇರೆಯದೇ ವ್ಲಾಡ್ ಇದ್ದಾನೆ. ಊರಿನ ಬುಗ್ಗೆಯ ಹತ್ತಿರ ಚಿನ್ನದ ಲೋಟ ಇಡಿಸಿದ್ದನಂತೆ, ದಾರಿಹೋಕರು ನೀರು ಕುಡಿಯಲಿ ಅಂತ. ಅವನು ಇರುವಷ್ಟು ಕಾಲ ಅದನ್ನು ಯಾರೂ ಮುಟ್ಟಲಿಲ್ಲ. 1881ರಲ್ಲಿ ಅಲ್ಲಿನ ದೊಡ್ಡ ಕವಿ ಎಮಿನೆಸ್ಕು, ದೇಶದ ಭ್ರಷ್ಟರ ಮೇಲೆ ಸಿಟ್ಟಾಗಿ, 'ದೊರೆಯೇ, ನೀನು ಮತ್ತೆ ಬರಬಾರದೇ' ಅಂತ ಇವನನ್ನೇ ಕರೆದ. ಸತ್ತು ನಾನ್ನೂರು ವರ್ಷ ಆದವನಿಗೆ ಕರೆ ಹೋಯಿತು. 1976ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ವ್ಲಾಡ್ ಸತ್ತು 500 ವರ್ಷ ಆಯಿತೆಂದು ಅಂಚೆಚೀಟಿ ತಂದಿತು.

ಇನ್ನು ಇಂಗ್ಲೆಂಡಿಗೆ ಬರೋಣ. 1890ರ ಬೇಸಿಗೆಯಲ್ಲಿ ಕಾದಂಬರಿಕಾರ ಬ್ರಾಮ್ ಸ್ಟೋಕರ್ ವಿಟ್ಬಿ ಎಂಬ ಕಡಲ ಊರಿನ ಲೈಬ್ರರಿಯಲ್ಲಿ ವಲಾಕಿಯಾ ಬಗ್ಗೆ ಒಂದು ಹಳೇ ಪುಸ್ತಕ ತೆಗೆದ. ಅಲ್ಲಿನ ಅಡಿಟಿಪ್ಪಣಿಯಲ್ಲಿ ಡ್ರಾಕುಲಾ ಅಂದರೆ ಸೈತಾನ ಅಂತ ಇತ್ತು. ತನ್ನ ಖಳನಾಯಕನಿಗೆ ಅವನು ಮೊದಲು ಇಟ್ಟುಕೊಂಡಿದ್ದ ಹೆಸರು ಕೌಂಟ್ ವ್ಯಾಂಪೈರ್, ಅಂದರೆ ರಕ್ತಪಿಶಾಚಿ ಜಮೀನ್ದಾರ. ಅದನ್ನು ಹೊಡೆದು ಹಾಕಿ ಡ್ರಾಕುಲಾ ಅಂತ ಬರೆದ. ಸ್ಟೋಕರ್ ತಗೊಂಡದ್ದು ಹೆಚ್ಚುಕಡಿಮೆ ಹೆಸರನ್ನಷ್ಟೇ. 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ವ್ಲಾಡ್ ಅನ್ನೋ ಪದ ಇಲ್ಲ, ಶೂಲದ ಮಾತೂ ಇಲ್ಲ. (ಇಲ್ಲಿ ನಮ್ಮದೂ ಒಂದು ಎಳೆ ಇದೆ. 1870ರಲ್ಲಿ ವಿಕ್ರಮ-ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದು, ಪಾಪ, ಬೇತಾಳನನ್ನು 'ವ್ಯಾಂಪೈರ್' ಮಾಡಿದವನು ರಿಚರ್ಡ್ ಬರ್ಟನ್. ಸ್ಟೋಕರಿಗೆ ಅವನ ಪರಿಚಯ ಇತ್ತು. ಮಾತಾಡುವಾಗ ಬರ್ಟನ್ನನ ಕೋರೆಹಲ್ಲು ಕಠಾರಿಯಂತೆ ಮಿಂಚುತ್ತಿತ್ತು ಅಂತ ಬರೆದಿಟ್ಟಿದ್ದಾನೆ.)

ಆ ಕಾದಂಬರಿಯನ್ನು ನಾವು ಭೂತದ ಕಥೆ ಅಂತ ಓದುತ್ತೇವೆ. ಆದರೆ ಅದರ ತುಂಬ ಆ ಕಾಲದ ಹೊಸ ಯಂತ್ರಗಳಿವೆ. ಟೈಪ್‌ರೈಟರ್ ಇದೆ, ಡಾಕ್ಟರ್ ತನ್ನ ದಿನಚರಿಯನ್ನು ಫೋನೋಗ್ರಾಫಿಗೆ ಹೇಳುತ್ತಾನೆ. ಎಲ್ಲಕ್ಕಿಂತ ಜಾಸ್ತಿ ರಕ್ತ ಕೊಡುವುದಿದೆ. ಲೂಸಿ ಎಂಬ ಹುಡುಗಿಯನ್ನು ಉಳಿಸಲು ನಾಲ್ಕು ಗಂಡಸರು ಒಬ್ಬರಾದ ಮೇಲೆ ಒಬ್ಬರು ರಕ್ತ ಕೊಡುತ್ತಾರೆ. ಬ್ಲಡ್ ಗ್ರೂಪ್ ಕೇಳುವವರೇ ಇಲ್ಲ. ಕೇಳುವುದಾದರೂ ಹೇಗೆ? ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಅದನ್ನು ವಿವರಿಸಿದ್ದು 1901ರಲ್ಲಿ.

ವೈಜ್ಞಾನಿಕ ಕಥೆಗಾರರು ಕೈ ಹಾಕಿದ್ದು ಈ ರಕ್ತಕ್ಕೇ. 1954ರಲ್ಲಿ ರಿಚರ್ಡ್ ಮ್ಯಾಥೆಸನ್ ಒಂದು ಕಾದಂಬರಿಯಲ್ಲಿ ರಕ್ತಪಿಶಾಚಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅವರ ನಾಯಕ ಒಂಟಿಯಾಗಿ ಮನೆಯಲ್ಲಿ ಕೂತು, ಲೈಬ್ರರಿ ಪುಸ್ತಕ ಓದಿ, ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ಕಂಡುಹಿಡಿಯುತ್ತಾನೆ. ಶಿಲುಬೆ ಕಂಡರೆ ಯಾಕೆ ಹೆದರಿಕೆ? ಅದು ಬರೀ ಮನಸ್ಸಿನದು. ಯಹೂದಿಯಾಗಿದ್ದ ಪಿಶಾಚಿಗೆ ಶಿಲುಬೆ ನಾಟುವುದಿಲ್ಲ, ಯಹೂದಿಗಳ ಧರ್ಮಗ್ರಂಥ ತೋರಾ ತೋರಿಸಬೇಕು! ಈ ಕಥೆಯಲ್ಲಿ ನಮ್ಮ ದೊರೆ ಇಲ್ಲ. ಆದರೆ ಅವನು ಬರಲು ಬಾಗಿಲು ತೆರೆದದ್ದು ಇದೇ.

1972ರಲ್ಲಿ ಫ್ಲೊರೆಸ್ಕು ಮತ್ತು ಮ್ಯಾಕ್‌ನಾಲಿ ಎಂಬ ಇಬ್ಬರು ಇತಿಹಾಸಕಾರರು ಕಾದಂಬರಿಯ ಕೌಂಟ್ ಮತ್ತು ಚರಿತ್ರೆಯ ವ್ಲಾಡ್ ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ಕೂರಿಸಿದರು. ಅಲ್ಲಿಂದ ಇಬ್ಬರೂ ಬೆರೆತುಹೋದರು. ಮೂರೇ ವರ್ಷಕ್ಕೆ, ಬಾಹ್ಯಾಕಾಶದ ಕೊಲೆಗಡುಕ ಯಂತ್ರಗಳ ಕಥೆಗಳಿಗೆ ಹೆಸರಾದ ಫ್ರೆಡ್ ಸೇಬರ್‌ಹೇಗನ್ ಡ್ರಾಕುಲಾನ ಕೈಗೆ ಟೇಪ್‌ರೆಕಾರ್ಡರ್ ಕೊಟ್ಟರು. ತನ್ನ ಮೇಲಿನ ಆರೋಪಗಳಿಗೆಲ್ಲ ಅವನು ಉತ್ತರ ಹೇಳುತ್ತಾನೆ. ಲೂಸಿಯನ್ನು ಕೊಂದದ್ದು ನಾನಲ್ಲ, ಹೊಂದದ ರಕ್ತ ಹಾಕಿದ ಡಾಕ್ಟರು ಅನ್ನೋದು ಅವನ ವಾದ. ನಂಗೆ ಇದು ಬಹಳ ಇಷ್ಟ. 1897ರ ಪ್ರಮಾದವನ್ನು 1901ರ ವಿಜ್ಞಾನ ಹಿಡಿದು, ಅಪರಾಧಿಯೇ ಅದನ್ನು ವಾದವಾಗಿ ಮಂಡಿಸುತ್ತಾನೆ.

1992ರಲ್ಲಿ ಎರಡು ಕಾದಂಬರಿಗಳು ಬಂದವು. ಕಿಮ್ ನ್ಯೂಮನ್ ಇತಿಹಾಸವನ್ನೇ ತಿರುಗಿಸಿದರು. ಅಲ್ಲಿ ವ್ಲಾಡ್ ಗೆದ್ದು, ವಿಕ್ಟೋರಿಯಾ ರಾಣಿಯನ್ನು ಮದುವೆಯಾಗಿ, ಲಂಡನ್ ಆಳುತ್ತಾನೆ. ಸ್ಟೋಕರ್ ಬಿಟ್ಟಿದ್ದ ಶೂಲ ಅಲ್ಲಿ ವಾಪಸ್ ಬರುತ್ತದೆ.

ಡ್ಯಾನ್ ಸಿಮನ್ಸ್ ಅವರದ್ದು ಇನ್ನೂ ಹತ್ತಿರದ ಕಾಲ. ಚೌಷೆಸ್ಕುವನ್ನು 1989ರ ಡಿಸೆಂಬರ್ 25ರಂದು ಗುಂಡಿಟ್ಟು ಕೊಂದ ಮೇಲೆ ರೊಮೇನಿಯಾದ ಅನಾಥಾಲಯಗಳ ಬಾಗಿಲು ಹೊರಗಿನವರಿಗೆ ತೆರೆಯಿತು. ಒಳಗೆ ಏಡ್ಸ್ ತಗುಲಿದ ಕೂಸುಗಳು. ಸೊರಗಿದ ಮಕ್ಕಳಿಗೆ ಚೂರುಚೂರು ರಕ್ತ ಏರಿಸುವ ರೂಢಿ ಅಲ್ಲಿತ್ತು. ಒಂದೇ ಸೂಜಿಯನ್ನು ಕುದಿಸದೆ ಹಲವರಿಗೆ ಚುಚ್ಚುತ್ತಿದ್ದರು. ಇದು ಕಥೆಯಲ್ಲ, ನಡೆದದ್ದು. ಸಿಮನ್ಸ್ ತಮ್ಮ ಕಥೆಯನ್ನು ಅಲ್ಲೇ ಶುರು ಮಾಡುತ್ತಾರೆ. ರಕ್ತರೋಗಗಳ ತಜ್ಞೆಯೊಬ್ಬಳಿಗೆ ಒಂದು ಅನಾಥ ಕೂಸು ಸಿಗುತ್ತದೆ. ಬೇರೆಯವರ ರಕ್ತ ಕೊಟ್ಟಾಗಲೆಲ್ಲ ಆ ಕೂಸು ಚೇತರಿಸಿಕೊಳ್ಳುತ್ತದೆ, ಕಾರಣ ಅದರ ಮೈಯಲ್ಲಿರುವ ಒಂದು ವೈರಸ್. ಅದೇ ವಂಶದ ಮುದುಕ ವ್ಲಾಡ್ ತನ್ನ ಐನೂರು ವರ್ಷಗಳನ್ನು ಮೆಲುಕು ಹಾಕುತ್ತಾನೆ. ಪಿಶಾಚಿಗಳು ಎಷ್ಟೇ ಬಂದರೂ ನನಗೆ ಮೈ ನಡುಗಿದ್ದು ಆ ಸೂಜಿಗೆ.

2023ರಲ್ಲಿ ಪ್ರಯೋಗಾಲಯ ನಿಜವಾಗಿಯೂ ವ್ಲಾಡ್‌ನ ಹತ್ತಿರ ಹೋಯಿತು. ಇಟಲಿಯ ಕತಾನಿಯಾದ ಸಂಶೋಧಕರು 1457 ಮತ್ತು 1475ರಲ್ಲಿ ಅವನು ಸಿಬಿಯು ನಗರದವರಿಗೆ ಬರೆದ ಪತ್ರಗಳ ಮೇಲೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಸಿ, ಕಾಗದಕ್ಕೆ ಹಾನಿಯಾಗದಂತೆ ಪ್ರೋಟೀನಿನ ಚೂರುಗಳನ್ನು ಎತ್ತಿದರು. ಉಸಿರಾಟದ ತೊಂದರೆಯ ಸುಳಿವು ಸಿಕ್ಕಿತು. ಕಣ್ಣೀರಿನಲ್ಲಿ ರಕ್ತ ಬರುವ ಕಾಯಿಲೆ ಇದ್ದಿರಬಹುದು ಅಂತಲೂ ಹೇಳಿದರು. ಐನೂರೈವತ್ತು ವರ್ಷದಲ್ಲಿ ಆ ಹಾಳೆಯನ್ನು ಇನ್ನೂ ಎಷ್ಟೋ ಜನ ಮುಟ್ಟಿದ್ದಾರೆ, ಆದ್ದರಿಂದ ಖಚಿತ ಅನ್ನಲಾಗದು ಅಂತ ಅವರೇ ಸೇರಿಸಿದರು. ಸ್ಟೋಕರ್ ಲೈಬ್ರರಿಯ ಅಡಿಟಿಪ್ಪಣಿಯಿಂದ ಹೆಸರು ಹೆಕ್ಕಿಕೊಂಡ. ದೊರೆ 1475ರಷ್ಟು ಹಿಂದೆಯೇ ಪತ್ರಗಳಿಗೆ ಹಾಕುತ್ತಿದ್ದ ಸಹಿ ಹೀಗಿತ್ತು: ವ್ಲಾಡಿಸ್ಲಾಸ್ ಡ್ರಾಗುಲ್ಯ.