ಮದುವೆ ಕಾರ್ಡಿನ ಅಕ್ಷರ ಕಾಫಿಪುಡಿ ಪ್ಯಾಕೆಟ್ಟಿಗೆ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮ ತೋಟದ ಕಾಫಿಪುಡಿಗೆ ಹೊಸ ಪ್ಯಾಕೆಟ್ ಮಾಡಿಸುತ್ತಿದ್ದೇವೆ. ಮಗಳ ಮದುವೆ ಕಾರ್ಡಿನಲ್ಲಿ ಬೊಡೋನಿ ಎಂಬ ಇಂಗ್ಲಿಷ್ ಅಕ್ಷರಶೈಲಿ ಬಲು ಚೆಂದ ಕಂಡಿತ್ತು. ಅದನ್ನೇ ಹಾಕಿ ಅಂದರೆ ಡಿಟಿಪಿಯವರು ಬೇಡ ಅನ್ನುತ್ತಾರೆ. ಯಾಕೆ?
(ವಿರಾಜಪೇಟೆಯ ಓದುಗರು)

ಹಾಕಿಸಬಹುದು. ಆದರೆ ಹೆಸರಿಗೆ ಮಾತ್ರ, ಅದೂ ದೊಡ್ಡದಾಗಿ. ಡಿಟಿಪಿಯವರು ಸುಮ್ಮನೆ ಅಡ್ಡ ಬಾಯಿ ಹಾಕುತ್ತಿಲ್ಲ.

ಬೊಡೋನಿಯ ಸೊಗಸೆಲ್ಲ ದಪ್ಪ ಗೆರೆ, ತೆಳು ಗೆರೆಗಳ ಜಗಳದಲ್ಲಿದೆ. ನಿಂತ ಗೆರೆ ದಪ್ಪ, ಅಡ್ಡಗೆರೆ ಕೂದಲೆಳೆ. ಗೆರೆಯ ತುದಿಯ ಪುಟ್ಟ ಚಾಚು, ಅಂದರೆ ಸೆರಿಫ್, ಅದೂ ನೇರ, ತೆಳು. ಇಟಲಿಯ ಪಾರ್ಮಾದಲ್ಲಿ ಡ್ಯೂಕನ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಜಾಂಬಾಟಿಸ್ಟಾ ಬೊಡೋನಿ, ಪ್ಯಾರಿಸಿನ ಮುದ್ರಕರಾದ ಡಿಡೋ ಮನೆತನದವರು 18ನೇ ಶತಮಾನದ ಕೊನೆಯ ಹೊತ್ತಿಗೆ ಈ ಶೈಲಿಯನ್ನು ತುದಿ ಮುಟ್ಟಿಸಿದರು. ಅದಕ್ಕೆ ಮೊದಲು, 1757ರಲ್ಲೇ, ಇಂಗ್ಲೆಂಡಿನ ಮುದ್ರಕ ಬಾಸ್ಕರ್‌ವಿಲ್ ನಯವಾದ ಕಾಗದ, ಕಡುಗಪ್ಪು ಶಾಯಿ ಬಳಸಿ ದಾರಿ ಮಾಡಿಕೊಟ್ಟಿದ್ದ. ಅಂದರೆ ಕಾಗದ ನಯವಾದ ಮೇಲೆಯೇ ಗೆರೆ ಇಷ್ಟು ತೆಳುವಾದದ್ದು. ನಿಮ್ಮ ಮದುವೆ ಕಾರ್ಡಿನಲ್ಲಿ ಆ ನಯವಿತ್ತು, ಅಕ್ಷರದ ಸುತ್ತ ಖಾಲಿ ಜಾಗವೂ ಇತ್ತು.

ಕಂದು ಕಾಗದದ ಪ್ಯಾಕೆಟ್ ಶಾಯಿ ಹೀರುತ್ತದೆ, ಗೆರೆಯ ಅಂಚು ಒಡೆಯುತ್ತದೆ. ಕಡುಬಣ್ಣದ ಮೇಲೆ ಬಿಳಿ ಅಕ್ಷರ ಬಿಡಿಸಿದರಂತೂ ಸುತ್ತಲಿನ ಶಾಯಿ ಹರಡಿ ತೆಳುಗೆರೆಯನ್ನೇ ನುಂಗುತ್ತದೆ. ಗ್ರಹಚಾರಕ್ಕೆ ನಿಮ್ಮ ಸರಕಿನ ಹೆಸರೇ ಇದಕ್ಕೆ ತೀರ ಕೆಟ್ಟ ಪದ! ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕಾಫಿ ಬರೆದು ನೋಡಿ: ಎರಡು ಎಫ್, ಎರಡು ಇ. ನಾಲ್ಕಕ್ಕೂ ಒಂದು ದಪ್ಪ ಕಂಬ, ಉಳಿದದ್ದೆಲ್ಲ ಕೂದಲೆಳೆಯ ಕೈಗಳು. ಕೈಗಳು ಅಳಿಸಿದರೆ ಉಳಿಯುವುದು ಸಾಲಾಗಿ ನಿಂತ ನಾಲ್ಕು ಕಂಬ. ಹಿಂದಿನ ಓ ತಲೆ-ತಳ ಕಳೆದುಕೊಂಡು ಒಂದು ಜೊತೆ ಆವರಣ ಚಿಹ್ನೆಯಾಗುತ್ತದೆ.

ಇದಕ್ಕೊಂದು ಮದ್ದುಂಟು. ಅಚ್ಚುಮೊಳೆಯ ಕಾಲದಲ್ಲಿ ಒಂದೊಂದು ಅಳತೆಗೂ ಬೇರೆಯೇ ಅಕ್ಷರ ಕೊರೆಯುತ್ತಿದ್ದರು, ಚಿಕ್ಕದಕ್ಕೆ ತೆಳುಗೆರೆ ತುಸು ದಪ್ಪ. ಐಟಿಸಿ ಎಂಬ ಫಾಂಟ್ ಕಂಪನಿಯ 1994ರ ಬೊಡೋನಿಯಲ್ಲಿ 6, 12, 72 ಪಾಯಿಂಟಿಗೆಂದೇ (ಪಾಯಿಂಟ್ ಅಂದರೆ ಅಕ್ಷರದ ಗಾತ್ರದ ಅಳತೆ) ಮೂರು ಬಗೆಗಳಿವೆ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ ಬೊಡೋನಿ ಮೋಡಾದಲ್ಲೂ ಅಳತೆಗೆ ತಕ್ಕಂತೆ ಗೆರೆ ಬದಲಾಗುತ್ತದೆ. 72ರದ್ದನ್ನು ಕುಗ್ಗಿಸಿ 9 ಪಾಯಿಂಟಿಗೆ ಇಳಿಸಿದರೆ ಎಡವಟ್ಟು.

ಪಕ್ಕದಲ್ಲಿ ಕನ್ನಡದ ಹೆಸರೂ ಬರುವುದಾದರೆ ಅಷ್ಟು ತೆಳುವಿನ ಫಾಂಟ್ ಹುಡುಕಬೇಡಿ. ನಮ್ಮ ಒತ್ತಕ್ಷರಗಳು ಮೊದಲೇ ಚಿಕ್ಕವು, ಮೊದಲು ಮಾಯವಾಗುವುದು ಅವೇ. ನೋಟೋ ಸೆರಿಫ್ ಕನ್ನಡದಂಥದ್ದು ಸಾಕು. ತೂಕ, ಬೆಲೆ, ಪ್ಯಾಕ್ ಮಾಡಿದ ತಾರೀಕಿಗೆ ಸೆರಿಫ್ ಇಲ್ಲದ ಸಾದಾ ಅಕ್ಷರ.

ಮಡಿಕೇರಿ ರಸ್ತೆಯ ಬೋರ್ಡಿಗೂ ಇದನ್ನೇ ಬರೆಸುವ ಯೋಚನೆಯಿದ್ದರೆ ಕೈಬಿಡಿ. ಮಂಜಿನಲ್ಲಿ, ಓಡುವ ಜೀಪಿನಿಂದ, ಯಾರಿಗೂ ಓದಲಾಗದು. ಪ್ಯಾಕೆಟ್ಟಿಗೆ ಮಾತ್ರ ಕಂಪ್ಯೂಟರ್ ಪರದೆ ನೋಡಿ ಒಪ್ಪಿಗೆ ಕೊಡಬೇಡಿ, ಅದೇ ಕಾಗದದ ಮೇಲೆ ನಿಜ ಅಳತೆಯ ಪ್ರೂಫ್ ತೆಗೆಸಿ, ಕೈ ಚಾಚಿ ಹಿಡಿದು ಆ ಎರಡು ಎಫ್‌ಗಳನ್ನು ನೋಡಿ.