ಕೈ ಜೋಮು ಹಿಡಿದರೆ ಮೊದಲು ಸೀಟು ನೋಡಿ

"ಕೈ ಜೋಮು ಹಿಡಿಯುತ್ತೆ, ಚಿಕ್ಕ ಸ್ಟೆಮ್ ಹಾಕಿಕೊಡಿ." ಸೈಕಲ್ ಫಿಟ್ಟಿಂಗ್‌ಗೆ, ಅಂದರೆ ಸೈಕಲನ್ನು ಮೈಗೆ ಹೊಂದಿಸಿಕೊಳ್ಳಲು, ಬರುವವರಿಂದ ನಾನು ಜಾಸ್ತಿ ಕೇಳುವ ಮಾತು ಇದು. ಹ್ಯಾಂಡಲನ್ನು ಸೈಕಲಿಗೆ ಸೇರಿಸುವ ತುಂಡೇ ಸ್ಟೆಮ್, ಅದು ಚಿಕ್ಕದಾದರೆ ಹ್ಯಾಂಡಲ್ ಹತ್ತಿರ ಬರುತ್ತದೆ. ತಕ್ಷಣ ಅಲೆನ್ ಕೀ ಎತ್ತಿಕೊಳ್ಳುವುದಿಲ್ಲ. ಅವರ ಸೈಕಲನ್ನೇ ಟ್ರೈನರ್‌ಗೆ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್‌ಗೆ) ಹಾಕಿ ಇಪ್ಪತ್ತು ನಿಮಿಷ ತುಳಿಯಿರಿ ಎನ್ನುತ್ತೇನೆ. ಮೊದಲ ಐದು ನಿಮಿಷ ಎಲ್ಲರೂ ನೀಟಾಗಿ ಕೂತಿರುತ್ತಾರೆ, ಎದುರಿಗೆ ಒಬ್ಬರು ನೋಡುತ್ತಿದ್ದಾರಲ್ಲ. ಬೆವರಿಳಿಯಲು ಶುರುವಾದ ಮೇಲೆ ಭುಜ ಕಿವಿಯ ಹತ್ತಿರ ಏರುತ್ತದೆ, ಮೊಣಕೈ ಕೋಲಿನಂತೆ ಸೆಟೆಯುತ್ತದೆ, ಕೂತವರು ಮೆಲ್ಲಗೆ ಸೀಟಿನ ಮೂತಿಯ ಕಡೆ ಜಾರುತ್ತಾರೆ. ನನಗೆ ನೋಡಬೇಕಿರುವುದು ಅದೇ.

ಈಚೆಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ. 200 ಕಿ.ಮೀ. ಬ್ರೆವೆಗೆ, ಅಂದರೆ ನಿಗದಿತ ಸಮಯದಲ್ಲಿ ಮುಗಿಸಬೇಕಾದ ದೂರದ ಸವಾರಿಗೆ, ತಯಾರಿ ನಡೆಸಿದ್ದರು. 80 ಕಿ.ಮೀ. ದಾಟುತ್ತಿದ್ದಂತೆ ಎರಡೂ ಕೈಯ ಕಿರುಬೆರಳು, ಉಂಗುರ ಬೆರಳು ಮರಗಟ್ಟುತ್ತಿದ್ದವು. ಅಂಗೈಯಲ್ಲಿ ಕಿರುಬೆರಳಿನ ಬದಿಗೆ ಅಲ್ನರ್ ಅನ್ನುವ ನರ ಹಾದುಹೋಗುತ್ತದೆ, ಗಂಟೆಗಟ್ಟಲೆ ಮೈಭಾರ ಅದರ ಮೇಲೆ ಬಿದ್ದರೆ ಹೀಗಾಗುತ್ತದೆ. ಅವರು ಜೆಲ್ ಗ್ಲೌಸ್ ತಗೊಂಡಿದ್ದರು, ಹ್ಯಾಂಡಲ್‌ಗೆ ದಪ್ಪ ಟೇಪ್ ಸುತ್ತಿಸಿದ್ದರು. ನಾನು ಸೀಟಿನ ಮೇಲೆ ರಸಮಟ್ಟ ಇಟ್ಟೆ. ಮೂತಿ 6 ಡಿಗ್ರಿ ಕೆಳಗೆ ಬಾಗಿತ್ತು. ಯಾಕೆ ಬಾಗಿಸಿದಿರಿ ಅಂದರೆ, ಮುಂದೆ ಒತ್ತುತ್ತಿತ್ತು ಸಾರ್, ಅದಕ್ಕೆ ಅಂದರು. ಯಾಕೆ ಒತ್ತುತ್ತಿತ್ತು? ಹಿಂದೆ ನಿಂತು ನೋಡಿದೆ. ಪ್ರತಿ ತುಳಿತಕ್ಕೂ ಸೊಂಟ ಆ ಕಡೆ ಈ ಕಡೆ ಓಲಾಡುತ್ತಿತ್ತು. ಸೀಟು ಎತ್ತರ ಜಾಸ್ತಿ, ಪೆಡಲ್ ಕೆಳಗೆ ಹೋದಾಗ ಕಾಲು ಎಟುಕುತ್ತಿರಲಿಲ್ಲ.

ಈಗ ಸರಪಳಿ ಹೀಗಿದೆ ನೋಡಿ. ಎತ್ತರ ಜಾಸ್ತಿಯಾದ್ದರಿಂದ ತೊಡೆಸಂದಿನಲ್ಲಿ ಒತ್ತಿತು, ಒತ್ತಿದ್ದಕ್ಕೆ ಮೂತಿ ಬಾಗಿಸಿದರು, ಬಾಗಿಸಿದ್ದಕ್ಕೆ ಮುಂದೆ ಜಾರಿದರು, ಜಾರದಂತೆ ಮೈಯನ್ನು ತಡೆಯಲು ಕೈ ಊರಿದರು, ಬೆರಳು ಮರಗಟ್ಟಿತು. ಸೀಟನ್ನು 8 ಮಿ.ಮೀ. ಇಳಿಸಿದೆ, ಮೂತಿಯನ್ನು ಮಟ್ಟಕ್ಕೆ ತಂದೆ. ಸ್ಟೆಮ್ ಮುಟ್ಟಲಿಲ್ಲ.

ಸೀಟಿನ ಎತ್ತರಕ್ಕೆ ಮನೆಯಲ್ಲೇ ಮಾಡಬಹುದಾದ ಹಳೆಯ ಉಪಾಯ ಇದೆ. ಸೈಕಲ್ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು, ಸೊಂಟ ಓಲಬಾರದು. ಹಾಗಾದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿಯೇ ಸ್ವಲ್ಪ ಬಾಗಿರುತ್ತದೆ. ಅಮೆರಿಕದ ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಹೆಸರಲ್ಲಿ ಪ್ರಸಿದ್ಧವಾದ ಲೆಕ್ಕವೂ ಇದೆ: ತೊಡೆಸಂದಿನಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ ಸುಮಾರು 70.6 ಬರುತ್ತದೆ, ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಬೇಕು ಅಂತ. ಎರಡೂ ಶುರು ಮಾಡಲು ಮಾತ್ರ. ಶೂ ಅಡಿ ಎಷ್ಟು ದಪ್ಪ, ಕ್ರ್ಯಾಂಕ್ ಎಷ್ಟು ಉದ್ದ, ತುಳಿಯುವಾಗ ಹಿಮ್ಮಡಿ ಎತ್ತುತ್ತೀರೋ ಇಳಿಸುತ್ತೀರೋ, ಇದೆಲ್ಲ ಲೆಕ್ಕವನ್ನು ಬದಲಾಯಿಸುತ್ತದೆ. ಪೆಡಲ್ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿದೆಯಾ ಅಂತ ನಾನು ಅಳೆದು ನೋಡುತ್ತೇನೆ. ದೂರದ ಸವಾರಿಗೆ ತುಸು ತಗ್ಗಿನ ಕಡೆಗೇ ನನ್ನ ಒಲವು, ಸುಸ್ತಾದಾಗ ಕಾಲು ಬಿಗಿಯುತ್ತದೆ ಅಲ್ವಾ. ತೀರಾ ತಗ್ಗಿಸಿದರೆ ಮಂಡಿಯ ಮುಂಭಾಗ ನೋಯುತ್ತದೆ, ತೀರಾ ಏರಿಸಿದರೆ ಹಿಂಭಾಗ.

ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 4,800 ಸುತ್ತು. ಹತ್ತು ಗಂಟೆಗೆ 48,000. ಒಂದು ಗಂಟೆಯ ಸವಾರಿಯಲ್ಲಿ ಗೊತ್ತೇ ಆಗದ 5 ಮಿ.ಮೀ. ತಪ್ಪು ಏಳನೇ ಗಂಟೆಯಲ್ಲಿ ಮಂಡಿ ಹಿಡಿದುಕೊಂಡು ಕೂರಿಸುತ್ತದೆ.

ಸೀಟನ್ನು ಮುಂದೆ ಹಿಂದೆ ಸರಿಸುವುದಕ್ಕೆ ಒಂದು ದಾರಕ್ಕೆ ನಟ್ ಕಟ್ಟಿ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ಇಳಿಬಿಟ್ಟು ಪೆಡಲ್ ಅಚ್ಚಿಗೆ ಸರಿಹೊಂದಿಸುವ ಪದ್ಧತಿ ಇದೆ. ತಪ್ಪಲ್ಲ, ಆದರೆ ನನಗೆ ಹೆಚ್ಚು ನಂಬಿಕೆ ಬೇರೆ ಪರೀಕ್ಷೆಯ ಮೇಲೆ. ಟ್ರೈನರ್ ಮೇಲೆ ಹದವಾಗಿ ತುಳಿಯುತ್ತಾ ಎರಡೂ ಕೈಯನ್ನು ಹ್ಯಾಂಡಲ್‌ನಿಂದ ಒಂದು ಇಂಚು ಮೇಲೆತ್ತಿ. ಸ್ವಲ್ಪ ಹೊತ್ತು ಹಾಗೇ ಇರಬಲ್ಲಿರಾದರೆ ಭಾರ ಸೊಂಟ, ಕಾಲುಗಳ ಮೇಲಿದೆ. ಮುಂದಕ್ಕೆ ಮುಗ್ಗರಿಸಿದರೆ ಸೀಟು ಬಹುಶಃ ತೀರಾ ಮುಂದಿದೆ.

ಸೀಟು ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಅರ್ಧ ಗಂಟೆಗೆ ನಿಜ. ಆಮೇಲೆ ಕೂರುವ ಮೂಳೆಗಳು ಆ ಮೆತ್ತೆಯಲ್ಲಿ ಇಳಿದುಹೋಗಿ ನಡುವಿನ ಮೃದು ಭಾಗ ಮೇಲಕ್ಕೆ ಒತ್ತಿಸಿಕೊಳ್ಳುತ್ತದೆ. ನೋಡಬೇಕಾದದ್ದು ಅಗಲ. ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಸ್ವಲ್ಪ ಮುಂದೆ ಬಾಗಿ ಕೂತು ಎದ್ದರೆ ಎರಡು ತಗ್ಗು ಬಿದ್ದಿರುತ್ತವೆ. ಅವೆರಡರ ನಡುವಿನ ಅಂತರಕ್ಕಿಂತ ಸೀಟು ಅಗಲ ಇರಬೇಕು, ಮೂಳೆ ಅಂಚಿನಲ್ಲಿ ಕೂರಬಾರದು. ಒಂದು ಮಾತು ದಯವಿಟ್ಟು ಗಮನಿಸಿ: ಸವಾರಿಯಲ್ಲಿ ಜನನಾಂಗದ ಭಾಗ ಮರಗಟ್ಟಿದರೆ, ರೂಢಿಯಾಗುತ್ತದೆ ಅಂತ ಸುಮ್ನಿರಬೇಡಿ. ಅಲ್ಲಿ ನರ, ರಕ್ತನಾಳ ಎರಡೂ ಅದುಮಿಕೊಂಡಿವೆ. ಅವತ್ತೇ ಎದ್ದು ನಿಂತು ತುಳಿಯಿರಿ, ಮನೆಗೆ ಬಂದು ಸೀಟು ಸರಿಮಾಡಿ.

ಇಷ್ಟಾದ ಮೇಲೆಯೇ ಹ್ಯಾಂಡಲ್. ಟಿವಿಯಲ್ಲಿ ಕಾಣುವ ರೇಸರ್‌ಗಳ ಭಂಗಿ ನೋಡಿ ಸ್ಟೆಮ್ ಕೆಳಗಿನ ಸ್ಪೇಸರ್ ಬಳೆಗಳನ್ನೆಲ್ಲ ತೆಗೆಸಿ ಹ್ಯಾಂಡಲ್ ಇಳಿಸಿಕೊಂಡವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಷ್ಟು ಬಾಗಿ ಮುಂದಿನ ರಸ್ತೆ ನೋಡಬೇಕೆಂದರೆ ಕತ್ತು ಇಡೀ ದಿನ ತಲೆಯನ್ನು ಎತ್ತಿ ಹಿಡಿಯಬೇಕು. ಅಮೆರಿಕವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ದಾಟುವ ಸೈಕಲ್ ರೇಸ್ ಆದ ರೇಸ್ ಅಕ್ರಾಸ್ ಅಮೆರಿಕದಲ್ಲಿ, 1983ರಲ್ಲಿ, ಸವಾರ ಮೈಕೆಲ್ ಶರ್ಮರ್ ಅವರ ಕತ್ತಿನ ಸ್ನಾಯುಗಳು ತಲೆ ಎತ್ತಲಾರದಷ್ಟು ಸೋತವು. ಆ ತೊಂದರೆಗೆ ಈಗಲೂ ಶರ್ಮರ್ಸ್ ನೆಕ್ ಅಂತಲೇ ಹೆಸರು. ದೂರ ಹೋಗುವವರಿಗೆ ಹ್ಯಾಂಡಲ್ ಸೀಟಿನ ಮಟ್ಟಕ್ಕೇ ಇರಲಿ, ಇಲ್ಲವೇ ಎರಡು ಮೂರು ಸೆಂ.ಮೀ. ಕೆಳಗಿರಲಿ. ಮೊಣಕೈ ಸಡಿಲವಾಗಿ ಬಾಗಿರಬೇಕು. ಸ್ಟೆಮ್‌ನಲ್ಲಿ 10–20 ಮಿ.ಮೀ. ವ್ಯತ್ಯಾಸ ಮಾಡಿದರೆ ಸರಿಹೋಗಬೇಕು, ಅದಕ್ಕಿಂತ ಜಾಸ್ತಿ ಬೇಕಾಯಿತು ಅಂದರೆ ಫ್ರೇಮ್ ಅಳತೆಯೇ ನಿಮ್ಮದಲ್ಲ. ಇದನ್ನು ಹೇಳುವುದು ನನಗೆ ಕಷ್ಟ, ಆದರೂ ಹೇಳುತ್ತೇನೆ.

ಅಂಗಾಲು ಉರಿಯುತ್ತಿದ್ದರೆ ಕ್ಲೀಟನ್ನು (ಶೂವನ್ನು ಪೆಡಲ್‌ಗೆ ಸಿಕ್ಕಿಸುವ, ಶೂ ಅಡಿಯ ತುಂಡು) ಸ್ವಲ್ಪ ಹಿಮ್ಮಡಿಯ ಕಡೆಗೆ ಸರಿಸಿ, ಶೂ ಬಿಗಿಯನ್ನೂ ಸಡಿಲಿಸಿ ನೋಡಿ.

ಏನೇ ಬದಲಾಯಿಸುವ ಮುಂಚೆ ಸೀಟ್ ಪೋಸ್ಟ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ, ಅಳತೆ ಬರೆದಿಡಿ. ನೀವೇ ಮಾಡಿಕೊಳ್ಳುವಾಗ ಒಂದು ಸಲಕ್ಕೆ 3–5 ಮಿ.ಮೀ. ಸಾಕು. ಮೇಲೆ ಹೇಳಿದ ಬ್ರೆವೆ ಸವಾರರದ್ದರ ಹಾಗೆ ಒಂದಕ್ಕೊಂದು ಅಂಟಿಕೊಂಡ ತಪ್ಪುಗಳಲ್ಲದಿದ್ದರೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಎರಡು ಮೂರು ಸವಾರಿ ಮಾಡಿ ನೋಡಿ.

ಅವರು ಮೂರು ವಾರದ ನಂತರ ಮತ್ತೆ ಬಂದರು. 200 ಮುಗಿಸಿದ್ದರು. 150 ದಾಟಿದ ಮೇಲೆ ಬಲಗೈ ಕಿರುಬೆರಳಿನ ತುದಿ ಮಾತ್ರ ಸ್ವಲ್ಪ ಜುಮ್ ಅಂದಿತಂತೆ. ಸೀಟನ್ನು 3 ಮಿ.ಮೀ. ಹಿಂದಕ್ಕೆ ಸರಿಸಿದೆ. ಹಿಂದೆ ಹೋದಾಗ ಪೆಡಲ್‌ಗೆ ದೂರವೂ ಜಾಸ್ತಿಯಾಗುವುದರಿಂದ 1 ಮಿ.ಮೀ. ಇಳಿಸಿದೆ. ಮುಂದಿನ ತಿಂಗಳು 300ಕ್ಕೆ ಹೋಗುತ್ತಿದ್ದಾರೆ.